ಬಲೂನು ನುಂಗಿದ 1.6 ಗ್ರಾಂ

ಮಾನ್ಯರೆ,

ನೀವು ಕಳಿಸಿದ ‘ದ್ರವ್ಯಕ್ಕೆ ಸಾವುಂಟೆ?’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಒಂದು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳುವಂಥ ಬರಹವೂ ಅಲ್ಲ. ಭಾಷೆ ಸಲೀಸಾಗಿದೆ, ಕೆಟ್ಟಿರುವುದು ಲೆಕ್ಕ.

ಮೊದಲು ಆ ಬಲೂನಿನ ಪ್ರಯೋಗ. ಬಾಟಲಿಯಲ್ಲಿ ವಿನೆಗರ್, ಅದರ ಬಾಯಿಗೆ 5 ಗ್ರಾಂ ಅಡುಗೆ ಸೋಡಾ ತುಂಬಿದ ಬಲೂನು. ಸೋಡಾ ಕೊಡವಿದಾಗ ನೊರೆ ಎದ್ದು ಬಲೂನು ಉಬ್ಬಿತು, ತಕ್ಕಡಿ 1.6 ಗ್ರಾಂ ಕಡಿಮೆ ತೋರಿಸಿತು ಅಂತ ಬರೆದಿದ್ದೀರಿ. ಅಲ್ಲಿಯವರೆಗೆ ಸರಿ, ಅಂಕಿ ಕೂಡ ನಂಬುವಂತಿದೆ. ಎಡವಿರುವುದು ಮುಂದಿನ ವಾಕ್ಯದಲ್ಲಿ: ಈ 1.6 ಗ್ರಾಂ ‘ಐನ್‌ಸ್ಟೈನ್ ಹೇಳಿದಂತೆ ಶಕ್ತಿಯಾಗಿ ಮಾರ್ಪಟ್ಟಿದೆ’ ಎನ್ನುತ್ತೀರಿ. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಶಕ್ತಿಯಾದ ದ್ರವ್ಯರಾಶಿ ಸುಮಾರು 0.7 ಗ್ರಾಂ ಅಷ್ಟೇ. ನಿಮ್ಮ ಅಡುಗೆಮನೆಯಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿ ಶಕ್ತಿಯಾಗಿದ್ದರೆ ಲೇಖನ ಕಳಿಸಲು ನಿಮ್ಮ ಬೀದಿಯೇ ಉಳಿಯುತ್ತಿರಲಿಲ್ಲ. ಇನ್ನೊಂದು ಮಾತು: ಸೋಡಾ, ವಿನೆಗರ್ ಕೂಡಿದಾಗ ಬಾಟಲಿ ತಣ್ಣಗಾಗುತ್ತದೆ. ಮುಟ್ಟಿ ನೋಡಿದ್ದರೆ ತಿಳಿಯುತ್ತಿತ್ತು. ಆ ಕ್ರಿಯೆ ಶಾಖ ಬಿಡುವುದಿಲ್ಲ, ಹೀರಿಕೊಳ್ಳುತ್ತದೆ.

ಹಾಗಾದರೆ ತೂಕ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. 5 ಗ್ರಾಂ ಸೋಡಾದಿಂದ ಹುಟ್ಟುವ ಇಂಗಾಲದ ಡೈಆಕ್ಸೈಡ್ ಸುಮಾರು 2.6 ಗ್ರಾಂ. ಅದು ಬಲೂನನ್ನು ಒಂದೂವರೆ ಲೀಟರಿನ ಹತ್ತಿರಕ್ಕೆ ಉಬ್ಬಿಸುತ್ತದೆ. ಆ ಜಾಗದಲ್ಲಿ ಮೊದಲಿದ್ದ ಗಾಳಿ ಪಕ್ಕಕ್ಕೆ ಸರಿಯಬೇಕಲ್ಲ, ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ಬಾವಿಗಿಳಿದ ಕೊಡ ನೀರಿನೊಳಗೆ ಹಗುರವಾದಂತೆ ಬಲೂನೂ ತಾನು ಸರಿಸಿದ ಗಾಳಿಯಷ್ಟು ಹಗುರವಾಗುತ್ತದೆ. ನಿಮ್ಮ 1.6 ಗ್ರಾಂ ಅದೇ.

ಈ ಭಾಗ ಕಿತ್ತುಹಾಕಬೇಡಿ, ಉಬ್ಬದ ಪಾತ್ರೆಯಲ್ಲಿ ಮತ್ತೆ ಮಾಡಿ. ತಂಪುಪಾನೀಯದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ ಸಾಕು. ಗಾಜಿನದು ಬೇಡ, ಒತ್ತಡಕ್ಕೆ ಸಿಡಿದೀತು. 50 ಮಿಲಿ ವಿನೆಗರ್ ಹಾಕಿ. ಸೋಡಾ 2 ಗ್ರಾಂ ಮಾತ್ರ, ಟಿಶ್ಯೂ ಕಾಗದದಲ್ಲಿ ಸುತ್ತಿ. 0.1 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ಬಾಟಲಿ, ಮುಚ್ಚಳ, ಪೊಟ್ಟಣ ಎಲ್ಲವನ್ನೂ ಒಟ್ಟಿಗೆ ತೂಗಿ. ಪೊಟ್ಟಣ ಒಳಗೆ ಹಾಕಿದ ಕೂಡಲೇ ಮುಚ್ಚಳ ಬಿಗಿಯಿರಿ. ಕಾಗದ ನೆನೆದು ಸೋಡಾ ಹೊರಬರಲು ಹಿಡಿಯುವ ಕ್ಷಣವೇ ನಿಮಗೆ ಸಿಗುವ ಸಮಯ. ನೊರೆ ಅಡಗಿದ ಮೇಲೆ ಅಂಕಿ ಮೊದಲಿನಷ್ಟೇ ಇರಬೇಕು. ಇಲ್ಲದಿದ್ದರೆ ಮುಚ್ಚಳ ಸೋರುತ್ತಿದೆ. ಆಮೇಲೆ ಮುಚ್ಚಳ ಸಡಿಲಿಸಿ, ‘ಬುಸ್’ ಎಂದ ಮೇಲೆ ತೂಗಿದರೆ ಅರ್ಧ ಗ್ರಾಂಗೂ ಹೆಚ್ಚು ಇಳಿದಿರುತ್ತದೆ. ಹೋದದ್ದು ಯಾವುದು, ಯಾವಾಗ ಹೋಯಿತು ಎಂಬುದು ಓದುಗರಿಗೆ ಕಿವಿಯಲ್ಲೇ ಕೇಳುತ್ತದೆ.

ಆರತಿ ತಟ್ಟೆಯ ಕರ್ಪೂರದಿಂದ ಶುರುಮಾಡಿರುವುದು ಒಳ್ಳೆಯ ಯೋಚನೆ. ಆದರೆ ‘ಏನೂ ಉಳಿಯದೆ ನಾಶವಾಯಿತು’ ಎಂದು ಬಿಟ್ಟುಬಿಟ್ಟಿದ್ದೀರಿ. 1 ಗ್ರಾಂ ಕರ್ಪೂರ ಪೂರ್ತಿ ಉರಿಯಲು ಗಾಳಿಯಿಂದ 2.8 ಗ್ರಾಂ ಆಮ್ಲಜನಕ ಎಳೆದುಕೊಳ್ಳುತ್ತದೆ, 2.9 ಗ್ರಾಂ ಇಂಗಾಲದ ಡೈಆಕ್ಸೈಡ್, 0.9 ಗ್ರಾಂ ನೀರಾವಿ ಹೊರಬೀಳುತ್ತವೆ. ತಟ್ಟೆ ಖಾಲಿಯಾದರೂ ಕೋಣೆಯ ಲೆಕ್ಕ ಸರಿಯಿದೆ. ಬೆಳಕು, ಶಾಖವಾಗಿ ಹೋದ ದ್ರವ್ಯರಾಶಿಯೂ ಇದೆ, ಆದರೆ ಅದು ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಯಾವ ಮನೆಯ ತಕ್ಕಡಿಗೂ ಅದು ಸಿಗದು.

ಮೂಲ ತೊಡಕು ‘ನಾಶ’ ಎಂಬ ಪದದಲ್ಲಿದೆ. ಮೂರು ಬೇರೆ ಬೇರೆ ಸಂಗತಿಗೆ ಅದೊಂದನ್ನೇ ಬಳಸಿದ್ದೀರಿ. ಕರ್ಪೂರದಲ್ಲಿ ಪರಮಾಣುಗಳು ಜೋಡಿ ಬದಲಿಸುತ್ತವೆ, ಅಷ್ಟೇ. ಕೈಗಾದಂಥ ಸ್ಥಾವರದಲ್ಲಿ ಯುರೇನಿಯಂ-235 ಒಡೆಯುತ್ತದೆ: ಒಂದು ಕಿಲೋ ಪೂರ್ತಿ ಒಡೆದರೆ ಸುಮಾರು 0.9 ಗ್ರಾಂ ದ್ರವ್ಯರಾಶಿ ಶಕ್ತಿಯಾಗಿ ಹೋಗುತ್ತದೆ. ಆದರೂ ಪ್ರೋಟಾನು, ನ್ಯೂಟ್ರಾನುಗಳನ್ನು ಕೂಡಿಸಿ ಎಣಿಸಿದರೆ ಒಂದೂ ಕಡಿಮೆಯಾಗಿರುವುದಿಲ್ಲ. ಕಣವೇ ಇಲ್ಲವಾಗುವುದು ಮೂರನೆಯದು. ಆಸ್ಪತ್ರೆಯ ಪೆಟ್ ಸ್ಕ್ಯಾನಿನಲ್ಲಿ ಇದು ದಿನವೂ ನಡೆಯುತ್ತದೆ. ಚುಚ್ಚಿದ ವಿಕಿರಣಶೀಲ ಫ್ಲೋರಿನ್-18 ಹೊರಸೂಸುವ ಪಾಸಿಟ್ರಾನು (ಎಲೆಕ್ಟ್ರಾನಿನ ಪ್ರತಿಕಣ) ರೋಗಿಯ ಮೈಯಲ್ಲಿನ ಒಂದು ಎಲೆಕ್ಟ್ರಾನನ್ನು ಸೇರುತ್ತದೆ, ಎರಡೂ ಅಳಿದು ತಲಾ 511 ಕಿಲೋ ಎಲೆಕ್ಟ್ರಾನ್-ವೋಲ್ಟಿನ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಆದರೆ ಅಲ್ಲಿ ಅಳಿಯಲು ಪ್ರತಿಕಣ ಬೇಕು. ಯಾರ ಸಹಾಯವೂ ಇಲ್ಲದೆ ಪ್ರೋಟಾನು ತಾನಾಗಿಯೇ ಅಳಿಯುತ್ತದೆಯೇ? ನಿಮ್ಮ ಶೀರ್ಷಿಕೆ ಕೇಳುವ ಪ್ರಶ್ನೆ ನಿಜವಾಗಿ ಇದು.

ಅದಕ್ಕೆ ನೀವು ಜಿನೀವಾದ ಕಣಭೌತ ಪ್ರಯೋಗಾಲಯಕ್ಕೆ ಹೋಗಿ ಎರಡು ಪುಟ ಕಳೆದಿದ್ದೀರಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು. ಈ ಹುಡುಕಾಟ ನಡೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ವಿಜ್ಞಾನಿಗಳ ಜೊತೆ ಸೇರಿ 1980ರ ಕೊನೆಯಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ 140 ಟನ್ನಿನ ಉಪಕರಣ ನಡೆಸತೊಡಗಿದರು: ಕಬ್ಬಿಣದ ತಟ್ಟೆಗಳು, ನಡುವೆ ಅನಿಲ ತುಂಬಿದ ಕೊಳವೆಗಳ ಸಾಲು. ಅಷ್ಟು ತೂಕ ಏಕೆ? ಪ್ರೋಟಾನಿನ ಸರಾಸರಿ ಆಯುಷ್ಯ 10³¹ ವರ್ಷವಾದರೆ ಒಂದನ್ನೇ ಕಾಯುತ್ತ ಕೂರುವಂತಿಲ್ಲ. 10³¹ ಕಣ ಒಟ್ಟುಮಾಡಿದರೆ ವರ್ಷಕ್ಕೊಂದು ಸಾಯಬೇಕು. 140 ಟನ್ನಿನಲ್ಲಿ ಪ್ರೋಟಾನು, ನ್ಯೂಟ್ರಾನು ಸೇರಿ ಸುಮಾರು 8×10³¹ ಇವೆ. ಅಷ್ಟು ಆಳ ಏಕೆ? ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಯಾನ್ ಎಂಬ ಕಣಗಳು ಮೇಲ್ಮಟ್ಟದಲ್ಲಿ ಮಳೆಯಂತೆ ಸುರಿಯುತ್ತವೆ, ಮೇಲಿನ ಬಂಡೆ ಅವನ್ನು ತಡೆಯುತ್ತದೆ. ತಡೆಯಲಾಗದ್ದು ನ್ಯೂಟ್ರಿನೊ ಎಂಬ ಕಣ. ಅದು ಕಬ್ಬಿಣಕ್ಕೆ ಬಡಿದಾಗ ಉಳಿಯುವ ಗುರುತು ಪ್ರೋಟಾನಿನ ಸಾವಿನಂತೆಯೇ ಕಾಣಬಹುದು. ಕೆಜಿಎಫ್‌ನಲ್ಲಿ ಕಂಡ ಕೆಲವು ಗುರುತುಗಳನ್ನು ತಂಡ ಪ್ರೋಟಾನಿನ ಸಾವೆಂದೇ ಮುಂದಿಟ್ಟಿತ್ತು. ಇನ್ನೂ ದೊಡ್ಡ ಉಪಕರಣಗಳಲ್ಲಿ ಅದು ಕಾಣಲಿಲ್ಲವಾದ್ದರಿಂದ ಒಪ್ಪಿಗೆ ಸಿಗಲಿಲ್ಲ. ಜಪಾನಿನ ಸೂಪರ್-ಕಾಮಿಯೊಕಾಂಡೆ 50,000 ಟನ್ ನೀರಿಟ್ಟುಕೊಂಡು ಕಾದರೂ, ಪಾಸಿಟ್ರಾನು ಮತ್ತು ಪಯಾನ್ ಎಂಬ ಇನ್ನೊಂದು ಕಣವಾಗಿ ಒಡೆದ ಒಂದು ಪ್ರೋಟಾನೂ ಖಚಿತವಾಗಿ ಸಿಕ್ಕಿಲ್ಲ. ಆ ದಾರಿಯಲ್ಲಿ ಸಾಯುವುದಾದರೆ ಆಯುಷ್ಯ 10³⁴ ವರ್ಷಕ್ಕಿಂತ ಹೆಚ್ಚಿರಬೇಕು. ಲೇಖನದ ಅರ್ಧ ಜಾಗ ಇದಕ್ಕೆ ಕೊಡಿ.

ಕೊನೆಯ ಪುಟದಲ್ಲಿ ಶಕ್ತಿ ಸಂರಕ್ಷಣೆಯಿಂದ ಆತ್ಮದ ಅಮರತ್ವಕ್ಕೆ ಹಾರಿರುವುದನ್ನು ಪೂರ್ತಿ ತೆಗೆಯಿರಿ. ಅದು ಬೇರೆ ಲೇಖನ, ಬೇರೆ ಪತ್ರಿಕೆಗೆ. ‘ದ್ರವ್ಯ’ ಇರಬೇಕಾದ ಏಳು ಕಡೆ ‘ದ್ರವ’ ಆಗಿದೆ. ಒಂದು ಕಡೆಯಂತೂ ಕಬ್ಬಿಣವೇ ದ್ರವವಾಗಿದೆ. 1,200 ಪದ ಮೀರದಂತೆ ತಿದ್ದಿ ಕಳಿಸಿ. ಜೊತೆಗೆ ಬಾಟಲಿಯ ಮೂರು ತೂಕಗಳೂ ಇರಲಿ: ಮುಚ್ಚುವ ಮೊದಲು, ನೊರೆ ಅಡಗಿದ ಮೇಲೆ, ಮುಚ್ಚಳ ಸಡಿಲಿಸಿದ ಮೇಲೆ. ಬಂದ ಅಂಕಿಯನ್ನೇ ಬರೆಯಿರಿ.

ಸಂಪಾದಕರು