ಬಸ್ ಎಂಬ ಪದದ ಮೂಲ

ನಮಸ್ಕಾರ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಓಡುವ ಬಸ್ಸಿಗೂ ಫೋನಿನ ಯುಎಸ್‌ಬಿ (ಯೂನಿವರ್ಸಲ್ ಸೀರಿಯಲ್ ಬಸ್) ಹೆಸರಿನಲ್ಲಿರುವ ‘ಬಸ್’ಗೂ ಏನಾದರೂ ಸಂಬಂಧವಿದೆಯೇ ಎಂದು ಕೇಳಿದ್ದೀರಿ. ಇದೆ, ಎರಡೂ ಒಂದೇ ಪದ.

ಪೂರ್ಣ ರೂಪ ‘ಆಮ್ನಿಬಸ್’. ಲ್ಯಾಟಿನ್ ಭಾಷೆಯಲ್ಲಿ ‘ಆಮ್ನಿಸ್’ ಎಂದರೆ ಎಲ್ಲ. ಅದರ ಚತುರ್ಥೀ ವಿಭಕ್ತಿಯ ಬಹುವಚನವೇ ‘ಆಮ್ನಿಬಸ್’, ಅಂದರೆ ‘ಎಲ್ಲರಿಗೂ’. ಫ್ರಾನ್ಸಿನ ನಾಂತ್ ನಗರದಲ್ಲಿ 1826ರಲ್ಲಿ ಸ್ತಾನಿಸ್ಲಾ ಬೋದ್ರಿ ಆರಂಭಿಸಿದ ಕುದುರೆಗಾಡಿ ಸೇವೆಗೆ ಈ ಹೆಸರು ಅಂಟಿಕೊಂಡಿತು. 1829ರಲ್ಲಿ ಜಾರ್ಜ್ ಶಿಲ್ಲಿಬೀರ್ ಅಂಥದೇ ಗಾಡಿಯನ್ನು ಲಂಡನ್ನಿನಲ್ಲಿ ಓಡಿಸಿದರು. ಜನರ ಬಾಯಲ್ಲಿ ಪದದ ತಲೆ ಕಳಚಿ ಬಾಲ ಮಾತ್ರ ಉಳಿಯಿತು. ನಾವು ‘ಎಲ್ಲರಿಗೂ’ ಎಂಬುದನ್ನು ಕತ್ತರಿಸಿ ‘ರಿಗೂ ಬಂತು’ ಎಂದಂತೆ ಇದು. ಸಂಸ್ಕೃತದ ‘ಸರ್ವೇಭ್ಯಃ’ ಎಂಬಲ್ಲಿಯ ‘ಭ್ಯಃ’ ಪ್ರತ್ಯಯ ಈ ‘ಬಸ್’ನ ದೂರದ ದಾಯಾದಿ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಮಳೆಗಾಲದ ಬೆಳಗ್ಗೆ ಮಂಡಗದ್ದೆಯ ಬಳಿ ಉಣುಗೋಲು ದಾಟಿ ಬಂದು, ಕೊಡೆ ಮಡಚುತ್ತ ಕೈಯೆತ್ತಿದ ಅಜ್ಜಿಗಾಗಿ ಬಸ್ಸು ನಿಂತಾಗಲೆಲ್ಲ ಆ ಚತುರ್ಥೀ ವಿಭಕ್ತಿ ನೆನಪಾಗುತ್ತದೆ.

ಇನ್ನು ನಿಮ್ಮ ಯುಎಸ್‌ಬಿ. ಹಲವು ಲೈನುಗಳಿಗೆ ಒಂದೇ ಕಡೆಯಿಂದ ವಿದ್ಯುತ್ ಹಂಚುವ ದಪ್ಪ ಲೋಹದ ಪಟ್ಟಿಯನ್ನು ಎಂಜಿನಿಯರುಗಳು ‘ಆಮ್ನಿಬಸ್ ಬಾರ್’ ಎಂದೂ ಮುಂದೆ ‘ಬಸ್ ಬಾರ್’ ಎಂದೂ ಕರೆದರು. ಕಂಪ್ಯೂಟರಿನ ಹಲವು ಭಾಗಗಳು ಮಾಹಿತಿ ಸಾಗಿಸಲು ಹಂಚಿಕೊಳ್ಳುವ ದಾರಿಗೂ ಅಲ್ಲಿಂದಲೇ ಈ ಹೆಸರು ಬಂದಿತು; ಯುಎಸ್‌ಬಿಯ ಕೊನೆಯ ‘ಬಿ’ ಅದೇ.