ದಿವಾಳಿ ಅರ್ಜಿ ಹಾಕಿದ ಮೇಲೂ ಮನೆಯ ಕರೆಂಟ್ ಬಿಲ್ಲಿನ ಬಾಕಿ ಕಟ್ಟಬೇಕೇ?

ಕಟ್ಟಬೇಕು. ಇದೇ ಪ್ರಶ್ನೆಯನ್ನು 2018ರಲ್ಲಿ ಯಾರಲ್ಲೂ ಕೇಳದೆ, ಬೇಡವೆಂದು ನಾನೇ ತೀರ್ಮಾನಿಸಿದ್ದೆ.

ಬೈಕಂಪಾಡಿಯಲ್ಲಿದ್ದ ನನ್ನ ಸಣ್ಣ ಗೇರುಬೀಜ ಘಟಕ ಮುಳುಗಿ, ಮಂಗಳೂರಿನ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕುವಾಗ, ಸುರತ್ಕಲ್ಲಿನ ಮನೆಯ ವಿದ್ಯುತ್ ಬಾಕಿ 14,600 ರೂಪಾಯಿಯನ್ನೂ ಸಾಲದ ಪಟ್ಟಿಯಲ್ಲಿ ಬರೆಸಿದೆ. ಆಮೇಲೆ ಮೀಟರ್ ರೀಡರ್ ಕೊಟ್ಟು ಹೋದ ಬಿಲ್ಲುಗಳನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾ ಬಂದೆ. ಅರ್ಜಿ ಹಾಕಿದ ನಂತರ ಉರಿಸಿದ ಕರೆಂಟಿಗೆ ಆ ಪಟ್ಟಿ ರಕ್ಷಣೆ ಕೊಡುವುದಿಲ್ಲ ಎಂಬುದಾಗಲಿ, ಬಿಲ್ಲಿನ ಮೇಲಿರುವ ಸಂಪರ್ಕದ ಗುರುತಿನ ಸಂಖ್ಯೆ, ಅಂದರೆ ಆರ್.ಆರ್. ನಂಬರ್, ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿಯೇ ಇದೆ ಎಂಬುದಾಗಲಿ ನನಗೆ ಹೊಳೆಯಲಿಲ್ಲ.

ಆದರೆ ನನ್ನನ್ನು ಕೆಡಿಸಿದ ತಪ್ಪು ಇದಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ನನಗೂ ಬಂದಿತ್ತು. ವಿದ್ಯುತ್ ಕಚೇರಿಗೆ ಹೋಗಿ, ಕೌಂಟರಿನಲ್ಲಿ 4,000 ರೂಪಾಯಿ ಕಟ್ಟಿ, ಉಳಿದದ್ದನ್ನು ಕಂತಿನಲ್ಲಿ ಕೊಡುತ್ತೇನೆ ಎಂದು ಬಾಯಿಮಾತಿನಲ್ಲಿ ಹೇಳಿದೆ. ಅಲ್ಲಿದ್ದವರು ತಲೆಯಾಡಿಸಿದರು, ಅದನ್ನೇ ಒಪ್ಪಿಗೆ ಎಂದು ತಿಳಿದೆ. ಅವರು ಹಣ ತೆಗೆದುಕೊಂಡು ರಸೀದಿ ಕೊಡುವವರೇ ಹೊರತು ಕಂತು ಮಂಜೂರು ಮಾಡುವವರಲ್ಲ. ನಾನು ಅರ್ಜಿ ಬರೆಯಲಿಲ್ಲ, ಮೇಲಧಿಕಾರಿಯನ್ನು ಕಾಣಲಿಲ್ಲ, ಎಷ್ಟು ಕಂತು, ಯಾವ ದಿನಾಂಕ ಎಂದು ಯಾವ ಕಾಗದದಲ್ಲಿಯೂ ಇರಲಿಲ್ಲ. ಕಡತದ ಮಟ್ಟಿಗೆ ನಾನು ಅರ್ಧಂಬರ್ಧ ಕಟ್ಟಿ ಸುಮ್ಮನಾದ ಬಾಕಿದಾರ, ಅಷ್ಟೇ.

ಅವಧಿ ಮುಗಿದ ಎರಡನೆಯ ದಿನ ಲೈನ್‌ಮ್ಯಾನ್ ಬಂದು ಸಂಪರ್ಕ ಕಡಿದರು. ಒಂಬತ್ತು ದಿನ ಪಂಪ್ ನಡೆಯಲಿಲ್ಲ. ನನ್ನ ಹೆಂಡತಿ ಆಳದ ಬಾವಿಯಿಂದ ಕೊಡಪಾನದಲ್ಲಿ ನೀರು ಸೇದಿದಳು, ಎಸ್ಸೆಸ್ಸೆಲ್ಸಿಯಲ್ಲಿದ್ದ ಮಗ ನೆರೆಮನೆಯ ಚಾವಡಿಯಲ್ಲಿ ಕುಳಿತು ಓದಿದ. ಕೊನೆಗೆ ಅವಳ ಬಳೆಗಳನ್ನು ಅಡವಿಟ್ಟು ಪೂರ್ತಿ ಬಾಕಿ, ಬಡ್ಡಿ, ಮರುಸಂಪರ್ಕದ ಶುಲ್ಕ ಎಲ್ಲವನ್ನೂ ಒಮ್ಮೆಗೇ ಕಟ್ಟಿದೆ. ಮರುವರ್ಷ ನನ್ನ ಭಾವ ಇಂತಹದೇ ಕಷ್ಟದಲ್ಲಿ ಲಿಖಿತ ಅರ್ಜಿ ಕೊಟ್ಟು ನಾಲ್ಕು ಕಂತು ಪಡೆದರು.

ಆದುದರಿಂದ, ಯಾವ ಬಾಕಿಯನ್ನು ಕೈಬಿಡಬಹುದು ಎಂಬ ನಿಮ್ಮ ಲೆಕ್ಕದೊಳಗೆ ಕರೆಂಟ್ ಬಿಲ್ಲನ್ನು ತರಲೇಬೇಡಿ. ನೆಂಟರ ಕೈಸಾಲ ಕಾಯಲಿ. ಮರ್ಯಾದೆಗೆ ಅಂಜಿ ಅವರಿಗೆ ಮೊದಲು ಕೊಟ್ಟು ಮನೆಯನ್ನು ಕತ್ತಲಲ್ಲಿ ಇಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ವಿದ್ಯುತ್ ಕಚೇರಿಗೆ ಕಂತು ಕೇಳುವ ಅರ್ಜಿಯಲ್ಲಿ ಆರ್.ಆರ್. ನಂಬರ್, ಬಾಕಿಯ ಮೊತ್ತ, ದಿವಾಳಿ ಅರ್ಜಿಯ ಸಂಖ್ಯೆ, ತಿಂಗಳಿಗೆ ನಿಜವಾಗಿ ಕಟ್ಟಬಲ್ಲ ಹಣ ಇಷ್ಟನ್ನು ಬರೆದು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮಂಜೂರಾತಿಯೂ ಬರಹದಲ್ಲಿಯೇ ಇರಲಿ. ಕಂತಿನ ಜೊತೆಗೆ ಆಯಾ ತಿಂಗಳ ಬಿಲ್ಲನ್ನೂ ಕಟ್ಟಬೇಕಾಗುತ್ತದೆ. ಹೆಚ್ಚು ಒಪ್ಪಿಕೊಂಡು ತಪ್ಪುವುದಕ್ಕಿಂತ ಕಡಿಮೆ ಕೇಳುವುದು ಲೇಸು. ಬಿಲ್ಲಿನ ಮೊತ್ತವೇ ತಪ್ಪು ಎನಿಸಿದರೆ, ಆಕ್ಷೇಪವನ್ನು ಬರೆದುಕೊಟ್ಟು, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ಠೇವಣಿ ಇಟ್ಟರೆ ಸಂಪರ್ಕ ಕಡಿಯುವಂತಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ.

2023ರಲ್ಲಿ ಬಂದ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿಯನ್ನು ನಂಬಿ ಹಳೆಯ ಬಾಕಿ ಮರೆಯಬೇಡಿ. ಅದು ಬಾಕಿ ಮನ್ನಾ ಮಾಡುವ ಯೋಜನೆಯಲ್ಲ. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ಲು ನಿಮ್ಮದೇ. ಆ ಮಿತಿ ದಾಟದಿರಲೆಂದು ನಮ್ಮಲ್ಲಿ ಈಗಲೂ ಸ್ನಾನದ ನೀರು ಕಾಯುವುದು ತೆಂಗಿನ ಮಡಲು ಉರಿಸುವ ಬಚ್ಚಲ ಒಲೆಯಲ್ಲಿ.

ನಿಮಗೆ ನೋಟಿಸ್ ಬಂದಿದ್ದರೆ ಮೊದಲು ಅದರ ದಿನಾಂಕ ನೋಡಿ, ಇಂದು ರಾತ್ರಿಯೇ ಅರ್ಜಿ ಬರೆದಿಡಿ.