ನಾರ್ವೆಗೆ ಐಷಾರಾಮಿ ಪ್ರವಾಸ: ಬ್ಯಾಗು ನೀವೇ ಎಳೀಬೇಕು, ಪರವಾಗಿಲ್ವಾ?

ಪ್ರಶ್ನೆ: ಮುಂದಿನ ವರ್ಷ ನಮ್ಮ ಮದುವೆಗೆ 25 ವರ್ಷ ತುಂಬುತ್ತದೆ. ನಾನು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, 70 ದಾಟಿದ ಅಮ್ಮ, ಹೀಗೆ ನಾಲ್ಕು ಜನ. ಇಷ್ಟು ವರ್ಷ ಕೈ ಬಿಗಿ ಹಿಡಿದು ಬದುಕಿದ್ದೇವೆ, ಈ ಸಲ ಖರ್ಚಿಗೆ ಹಿಂದೆಮುಂದೆ ನೋಡುವುದಿಲ್ಲ. ಏಜೆಂಟ್ ಒಬ್ಬರು ಮೇ ತಿಂಗಳಲ್ಲಿ 10 ದಿನಕ್ಕೆ ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್ ನಾಲ್ಕೂ ತೋರಿಸುತ್ತಾರಂತೆ. ಮಧ್ಯರಾತ್ರಿ ಸೂರ್ಯ, ನಾರ್ದರ್ನ್ ಲೈಟ್ಸ್ (ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು), ಫಿಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕಿರಿದಾದ ತೋಳು), ಗಾಜಿನ ಇಗ್ಲೂ ಎಲ್ಲಾ ಸೇರಿ. ಒಪ್ಪಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಒಪ್ಪಬೇಡಿ. ಮೊದಲು ಶುಭಾಶಯ, ಆಮೇಲೆ ಜಗಳ.

ಮಧ್ಯರಾತ್ರಿ ಸೂರ್ಯ ಮತ್ತು ನಾರ್ದರ್ನ್ ಲೈಟ್ಸ್ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡೋಕೆ ಆಗುವುದೇ ಇಲ್ಲ. ಒಂದಕ್ಕೆ ಸೂರ್ಯ ಮುಳುಗಬಾರದು, ಇನ್ನೊಂದಕ್ಕೆ ಕತ್ತಲೆ ಬೇಕು. ನಾರ್ವೆಯ ಉತ್ತರದ ಟ್ರೊಮ್ಸೋ ಊರಲ್ಲಿ ಮೇ 20ರ ಸುಮಾರಿಗೆ ಸೂರ್ಯ ಮುಳುಗುವುದನ್ನು ನಿಲ್ಲಿಸಿದರೆ, ಮತ್ತೆ ಮುಳುಗುವುದು ಜುಲೈ 22ರ ಹೊತ್ತಿಗೆ. ಅದಕ್ಕೆ ಹಿಂದೆಮುಂದೆ ಕೂಡ, ಅಂದರೆ ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ, ರಾತ್ರಿ ಸರಿಯಾಗಿ ಕಪ್ಪಾಗುವುದಿಲ್ಲ. ಬೆಳಕು ಆಕಾಶದಲ್ಲಿ ಕುಣಿಯುತ್ತಲೇ ಇರಬಹುದು, ನಮಗೆ ಕಾಣಿಸಲ್ಲ ಅಷ್ಟೆ. ಮೇ ಮೊದಲ ವಾರ ಹೋದರೆ ಇನ್ನೂ ಮೋಸ. ಅತ್ತ ಸೂರ್ಯನೂ ಇಲ್ಲ, ಇತ್ತ ಲೈಟ್ಸೂ ಇಲ್ಲ. ಗೈರಾಂಗರ್ ಎಂಬ ಹೆಸರಾಂತ ಫಿಯೋರ್ಡ್ ಕಡೆಯ ಬೆಟ್ಟದ ರಸ್ತೆಗಳೂ ಹಿಮದಲ್ಲಿ ಮುಚ್ಚಿರುವ ಸಾಧ್ಯತೆಯೇ ಜಾಸ್ತಿ.

ನಾಲ್ಕು ದೇಶದ ಆಸೆಯನ್ನೂ ಬಿಡಿ. 10 ದಿನದಲ್ಲಿ ನಾಲ್ಕು ರಾಜಧಾನಿ ಅಂದರೆ ನೀವು ನೋಡುವುದು ನಾಲ್ಕು ವಿಮಾನ ನಿಲ್ದಾಣ. ನಾರ್ವೆ ಒಂದೇ ಸಾಕು. ಅಷ್ಟಕ್ಕೂ ಅದೇನು ಚಿಕ್ಕ ದೇಶವಲ್ಲ. ಓಸ್ಲೋದಿಂದ ಟ್ರೊಮ್ಸೋಗೆ ವಿಮಾನದಲ್ಲೇ ಸುಮಾರು ಎರಡು ಗಂಟೆ, ಕಾರಲ್ಲಾದರೆ 1,600 ಕಿಲೋಮೀಟರ್‌ಗೂ ಜಾಸ್ತಿ.

ನನ್ನ ಸಲಹೆ: ದಸರಾ ರಜೆ ಹೊಂದಿಸಿಕೊಳ್ಳಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ನಾರ್ವೆಯಲ್ಲಿ ಒಂದು ಸಂಧಿಕಾಲ. ಫಿಯೋರ್ಡ್‌ಗಳಲ್ಲಿ ದೋಣಿ ಓಡುತ್ತಿರುತ್ತವೆ, ಉತ್ತರದಲ್ಲಿ ರಾತ್ರಿ ಕಪ್ಪಾಗಿರುತ್ತದೆ, ಚಳಿ ಇನ್ನೂ ಹಲ್ಲು ಕಡಿಸುವಷ್ಟು ಇರುವುದಿಲ್ಲ. ಅಮ್ಮನ ಮಂಡಿಗೂ ಅದೇ ಒಳ್ಳೇದು. ನಡುಚಳಿಗಾಲದಲ್ಲಿ ಟ್ರೊಮ್ಸೋ ಬೀದಿಗಳು ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತವೆ. ನಾನೇ ಒಮ್ಮೆ ಅಲ್ಲಿ ಮುಖ್ಯ ಬೀದಿಯಲ್ಲಿ, ಕೈಯಲ್ಲಿ ಕಾಫಿ ಹಿಡಿದು, ಧರೆಗಿಳಿದವನು. ಪಕ್ಕದಲ್ಲಿ 80ರ ಅಜ್ಜಿಯೊಬ್ಬರು ಬೂಟಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕಿಕೊಂಡು ಟಕಟಕ ನಡೆದು ಹೋದರು. ನೀವು ಚಳಿಗಾಲಕ್ಕೇ ಹೋಗುವುದಾದರೆ ಇಳಿದ ದಿನವೇ ಆ ಪಟ್ಟಿ ಕೊಂಡುಕೊಳ್ಳಿ. ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ.

ಈಗ ದಾರಿ. ಓಸ್ಲೋದಲ್ಲಿ ಎರಡು ರಾತ್ರಿ, ಬರೀ ಸುಧಾರಿಸಿಕೊಳ್ಳೋಕೆ. ಅಲ್ಲಿಂದ ಪಶ್ಚಿಮ ಕರಾವಳಿಯ ಬರ್ಗನ್ ಊರಿನ ಕಡೆಯ ರೈಲು. 1909ರಲ್ಲಿ ಪೂರ್ತಿಯಾದ ಮಾರ್ಗ ಇದು. ಫಿನ್ಸೆ ಎಂಬ ನಿಲ್ದಾಣದಲ್ಲಿ 1,222 ಮೀಟರ್ ಎತ್ತರಕ್ಕೆ ಹತ್ತುತ್ತದೆ, ಅಲ್ಲಿ ಮರವೇ ಇಲ್ಲ, ಬರೀ ಬಂಡೆ, ನೀರು, ಹಿಮ. ಸುಮಾರು ಐದು ಗಂಟೆ ಕೂತು ಮಿರ್ದಾಲ್‌ನಲ್ಲಿ ಇಳಿದರೆ, ಫ್ಲೋಮ್ ಊರಿಗೆ ಇನ್ನೊಂದು ಪುಟ್ಟ ರೈಲು. 20 ಕಿಲೋಮೀಟರ್‌ನಲ್ಲಿ 866 ಮೀಟರ್ ಎತ್ತರದಿಂದ ಸಮುದ್ರದ ಮಟ್ಟಕ್ಕೆ ಇಳಿಯುತ್ತದೆ. ಮಧ್ಯದಲ್ಲಿ ಜಲಪಾತದ ಮುಂದೆ ನಿಲ್ಲಿಸುತ್ತಾರೆ.

ಫ್ಲೋಮ್ ಸುತ್ತಮುತ್ತ ಎರಡು ರಾತ್ರಿ ಇರಿ, ದಯವಿಟ್ಟು ಅದೇ ದಿನ ಓಡಿಹೋಗಬೇಡಿ. ಹಗಲು ಹಡಗಿನ ಜನ ತುಂಬಿರುತ್ತಾರೆ. ಸಂಜೆ ಅವರೆಲ್ಲ ಹೋದ ಮೇಲೆ ಊರು ನಿಮ್ಮದು. ಮಾರನೇ ದಿನ ನೇರೋಯ್ ಫಿಯೋರ್ಡ್‌ನಲ್ಲಿ ಎರಡು ಗಂಟೆಯ ದೋಣಿ. 2005ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ. ಒಂದು ಕಡೆ ನೀರಿನ ಅಗಲ ಬರೀ 250 ಮೀಟರ್, ಎರಡೂ ಪಕ್ಕ ಸಾವಿರ ಮೀಟರ್ ಮೀರಿದ ಬೆಟ್ಟ. ಅಲ್ಲಿ ಪೂರ್ತಿ ಬ್ಯಾಟರಿಯಲ್ಲಿ ಓಡುವ ದೋಣಿ ಇದೆ, ಎಂಜಿನ್ ಸದ್ದಿಲ್ಲ, ಜಲಪಾತ ಬೀಳುವ ಸದ್ದು ಕಿವಿಗೇ ಬರುತ್ತದೆ. ಮಳೆ ಬಂದರೆ ಬೇಜಾರಾಗಬೇಡಿ. ಮಳೆ ಬಂದಷ್ಟೂ ಜಲಪಾತ ಜಾಸ್ತಿ. ಆಮೇಲೆ ಬರ್ಗನ್‌ನಲ್ಲಿ ಒಂದು ರಾತ್ರಿ. ಅಲ್ಲಿ ವರ್ಷಕ್ಕೆ 200 ದಿನಕ್ಕೂ ಹೆಚ್ಚು ಮಳೆ, ಮಲೆನಾಡಿನ ನೆಂಟರಿದ್ದರೆ ಅವರಿಗೆ ಹೇಳಿ, ನಕ್ಕುಬಿಡ್ತಾರೆ. ಬರ್ಗನ್‌ನಿಂದ ಟ್ರೊಮ್ಸೋಗೆ ವಿಮಾನ, ಅಲ್ಲಿ ನಾಲ್ಕು ರಾತ್ರಿ.

ದುಡ್ಡನ್ನು ಸುರಿಯಬೇಕಾದ ಜಾಗ ಅದೇ ಟ್ರೊಮ್ಸೋ. ಗಾಜಿನ ಇಗ್ಲೂಗೆ ಅಲ್ಲ. ಇಗ್ಲೂ ಫೋಟೋದಲ್ಲಿ ಚೆಂದ, ಆದರೆ ಅದು ಇದ್ದಲ್ಲೇ ಇರುತ್ತದೆ, ಮೋಡ ನಿಮ್ಮ ತಲೆ ಮೇಲೆ ಬಂದು ಕೂತರೆ ರಾತ್ರಿಯಿಡೀ ಮೋಡವನ್ನೇ ನೋಡಬೇಕು. ಕರಾವಳಿಯಲ್ಲಿ ಮೋಡ ಬಹಳ. ಅದಕ್ಕೆ ನಿಮ್ಮ ಮನೆಯವರಿಗಂತಲೇ ಒಂದು ಗಾಡಿ, ಹವಾಮಾನ ಓದಬಲ್ಲ ಒಬ್ಬ ಗೈಡ್, ಎರಡು ರಾತ್ರಿಗೆ ಗೊತ್ತುಮಾಡಿ. ಅವರು ಉಪಗ್ರಹದ ಚಿತ್ರ ನೋಡಿ ಮೋಡ ಇಲ್ಲದ ಕಡೆ ಓಡಿಸುತ್ತಾರೆ, ಬೇಕಾದರೆ ಗಡಿ ದಾಟಿ ಫಿನ್ಲೆಂಡಿನ ಕಿಲ್ಪಿಸ್ಯಾರ್ವಿವರೆಗೂ. ಹಾಗಾಗಿ ಪಾಸ್‌ಪೋರ್ಟ್ ಜೇಬಲ್ಲಿರಲಿ. ವಾಪಸ್ ಬರೋದು ರಾತ್ರಿ ಎರಡು ಗಂಟೆಯೂ ಆದೀತು. ಬುಕ್ ಮಾಡುವ ಮೊದಲು ಒಂದು ಮಾತು ನಾಚಿಕೆ ಬಿಟ್ಟು ಕೇಳಿ: ದಾರಿಯಲ್ಲಿ ಶೌಚಾಲಯ ಎಲ್ಲಿದೆ? ಎಷ್ಟೋ ಕಡೆ ಇರುವುದೇ ಇಲ್ಲ. ಅಮ್ಮ ಜೊತೆಗಿದ್ದಾಗ ಆಕಾಶಕ್ಕಿಂತ ಇದೇ ಮುಖ್ಯ ಆಗಿಬಿಡುತ್ತದೆ.

ಲೈಟ್ಸ್ ಶುರುವಾದಾಗ ಹಸಿರು ಪರದೆ ಅಂತ ಅನ್ನಿಸುವುದಿಲ್ಲ. ಬೂದು ಬಣ್ಣದ ಒಂದು ತೆಳು ಮೋಡ, ಒಲೆ ಹೊಗೆ ಎದ್ದ ಹಾಗೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಅದರಲ್ಲಿ ಹಸಿರು ಕಾಣುತ್ತದೆ, ಕಣ್ಣಿಗೆ ಇನ್ನೂ ಕಾಣಿಸಲ್ಲ. ಹತ್ತು ನಿಮಿಷ ಬಿಟ್ಟು ಆ ಹೊಗೆ ಅಲುಗಾಡೋಕೆ ಶುರುವಾಗುತ್ತದೆ. ಬಲವಾಗಿ ಬಂದರೆ ಅಂಚಿನಲ್ಲಿ ಗುಲಾಬಿ, ಮೇಲೆ ಕೆಂಪು. ಸೂರ್ಯನಿಂದ ಬಂದ ಕಣಗಳು ಮೇಲಿನ ಗಾಳಿಯ ಆಮ್ಲಜನಕಕ್ಕೆ ಡಿಕ್ಕಿ ಹೊಡೆದರೆ ಹಸಿರು, ಕೆಂಪು; ಸಾರಜನಕಕ್ಕೆ ಹೊಡೆದರೆ ಗುಲಾಬಿ. 100 ಕಿಲೋಮೀಟರ್ ಮೇಲೆ ಹಸಿರು, 200 ದಾಟಿದರೆ ಕೆಂಪು. ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಬುಕ್ ಮಾಡಬೇಡಿ.

ಇನ್ನು ನಿಜವಾದ ವಿಷಯ. ದುಬೈ, ಮಾಲ್ಡೀವ್ಸ್ ನೋಡಿದವರು ನಾರ್ವೆಗೆ ಹೋಗಿ ಬೇಸರ ಮಾಡಿಕೊಳ್ಳುವುದು ಒಂದೇ ಕಾರಣಕ್ಕೆ. ಅಲ್ಲಿ ಯಾರೂ ನಿಮ್ಮ ಬ್ಯಾಗು ಎತ್ತುವುದಿಲ್ಲ. ರಾತ್ರಿಗೆ 4,000 ಕ್ರೋನ್ (ನಾರ್ವೆಯ ದುಡ್ಡು) ಮೇಲಿನ ರೂಮಾದರೂ ಸರಿ, ರೂಪಾಯಿಗೆ ಎಷ್ಟಾಯಿತು ಅಂತ ಅಂದಿನ ದರ ನೋಡಿ ಲೆಕ್ಕ ಹಾಕಿಕೊಳ್ಳಿ, ಎಷ್ಟೋ ಕಡೆ ಬಾಗಿಲು ತೆರೆಯುವವರಿಲ್ಲ. ಕೆಲಸದವರ ಸಂಬಳ ಅಲ್ಲಿ ಚೆನ್ನಾಗಿದೆ, ಹಾಗಾಗಿ ಆಳು ಕಮ್ಮಿ. ದೊಡ್ಡಸ್ತಿಕೆ ತೋರಿಸುವುದೂ ಅಲ್ಲಿ ಒಗ್ಗದ ಮಾತು. 1973ರಲ್ಲಿ ತೈಲದ ಅಭಾವದಿಂದ ವಾರಾಂತ್ಯ ಕಾರು ಓಡಿಸಬಾರದು ಅಂತ ಆದಾಗ, ಅವರ ರಾಜ ಐದನೇ ಓಲಾವ್ ಸ್ಕೀ ಹಿಡಿದುಕೊಂಡು ಊರ ರೈಲು ಹತ್ತಿ ಟಿಕೆಟ್ಟಿಗೆ ದುಡ್ಡು ಚಾಚಿದ್ದರು. ಆ ಫೋಟೋ ನಾರ್ವೆಯವರಿಗೆಲ್ಲ ಗೊತ್ತು. ರಾಜನೇ ಹಾಗಿದ್ದ ಮೇಲೆ ನಮ್ಮ ನಿಮ್ಮ ಸೂಟ್‌ಕೇಸ್ ಯಾವ ಲೆಕ್ಕ?

ಅಲ್ಲಿ ದುಡ್ಡಿಗೆ ಸಿಗುವುದು ಬೇರೆ: ಕಿಟಕಿ ಪೂರ್ತಿ ತುಂಬಿದ ಬೆಟ್ಟ, ಪಕ್ಕದ ಮನೆಯ ಸದ್ದಿಲ್ಲದ ರಾತ್ರಿ, ಬೆಚ್ಚಗಿನ ನೆಲ, ನಿಮ್ಮ ಸಮಯಕ್ಕೆ ಕಾಯುವ ದೋಣಿ. ಆದ್ದರಿಂದ ಓಸ್ಲೋ ಹೋಟೆಲ್ ಸಾಧಾರಣದ್ದೇ ಇರಲಿ, ಫಿಯೋರ್ಡ್‌ನಲ್ಲಿ ನೀರು ಕಾಣುವ ರೂಮು ಬೇಕೇ ಬೇಕು ಅಂತ ಬರೆದು ಕೇಳಿ. ಹಿಂಬದಿಯ ರೂಮು ಕೊಟ್ಟರೆ ಅಷ್ಟು ದೂರ ಹೋಗಿದ್ದು ದಂಡ. ಬರ್ಗನ್‌ನಲ್ಲಿ ಹಳೆಯ ಬ್ಯಾಂಕ್ ಕಟ್ಟಡದಲ್ಲಿ ಓಪಸ್ 16 ಎಂಬ ಹೋಟೆಲ್ ಇದೆ, ಸಂಗೀತಗಾರ ಎಡ್ವರ್ಡ್ ಗ್ರೀಗ್ ಅವರ ಬಂಧುಗಳದ್ದು. 25ನೇ ವರ್ಷದ ರಾತ್ರಿಗೆ ನಾನಾದರೆ ಅದನ್ನೇ ಆರಿಸುತ್ತೇನೆ. ಲಿಫ್ಟ್ ಇದೆಯಾ ಅಂತ ಮಾತ್ರ ಎಲ್ಲಾ ಕಡೆ ಕೇಳಿ. ಹಳೆಯ ಮರದ ಹೋಟೆಲುಗಳಲ್ಲಿ ಎಷ್ಟೋ ಕಡೆ ಬರೀ ಮೆಟ್ಟಿಲು.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಷ್ಟು ದುಡ್ಡು ಕೊಟ್ಟು ಹೋಗಿ ಬ್ರೆಡ್ಡು ಜಾಮ್ ತಿಂದು ಬರಬೇಕಾ?
– ಓದುಗರು, ಮೈಸೂರು

ಉತ್ತರ: ಅಷ್ಟೇನೂ ಕಷ್ಟವಿಲ್ಲ ಮೇಡಂ, ಆದರೆ ಮೊದಲೇ ಹೇಳಬೇಕು. ದೊಡ್ಡ ಹೋಟೆಲುಗಳಲ್ಲಿ ಸಂಜೆಯ ಊಟ ಐದಾರು ಸುತ್ತು ಬಡಿಸುವ, ಮೊದಲೇ ಗೊತ್ತುಮಾಡಿದ ಊಟ, ಅದರಲ್ಲಿ ಮೀನೇ ಮುಖ್ಯ. ಎರಡು ವಾರ ಮುಂಚೆ ಬರೆದರೆ ಅಡುಗೆಯವರು ನಿಮಗೆ ಬೇರೆಯೇ ಮಾಡುತ್ತಾರೆ. ಹೋಗಿ ಕೂತ ಮೇಲೆ ಹೇಳಿದರೆ ಬೇಯಿಸಿದ ಬೀಟ್‌ರೂಟ್ ಬರುತ್ತದೆ. ಬರೀ ವೆಜಿಟೇರಿಯನ್ ಅಂದರೆ ಸಾಲದು, ಮೀನಿನ ಸಾರೂ ಬೇಡ, ಮೊಟ್ಟೆಯೂ ಬೇಡ ಅಂತ ಬಿಡಿಸಿ ಹೇಳಿ. ನಾರ್ವೆ ಭಾಷೆಯಲ್ಲಿ ‘ಇಕ್ಕೆ ಫಿಸ್ಕ್, ಇಕ್ಕೆ ಎಗ್’. ನಮ್ಮಲ್ಲಿ ಇಕ್ಕು ಅಂದರೆ ಬಡಿಸು, ಅಲ್ಲಿ ಇಕ್ಕೆ ಅಂದರೆ ಬೇಡ. ಮರೆಯೋಕೆ ಸಾಧ್ಯವೇ ಇಲ್ಲ.

ಬೆಳಗಿನ ತಿಂಡಿಯಲ್ಲಿ ಕಂದು ಬಣ್ಣದ ಒಂದು ಚೀಸ್ ಗಡ್ಡೆ ಇಟ್ಟಿರುತ್ತಾರೆ, ಬ್ರೂನೊಸ್ಟ್ ಅಂತ. ಚೀಸ್ ಮಾಡಿ ಉಳಿದ ನೀರನ್ನು ಗಂಟೆಗಟ್ಟಲೆ ಕುದಿಸಿ, ಹಾಲಿನ ಸಕ್ಕರೆ ಕಂದಾಗುವವರೆಗೆ ಕಾಯಿಸಿ ಮಾಡುವುದು. ಬಾಯಿಗಿಟ್ಟರೆ ಧಾರವಾಡ ಪೇಡಕ್ಕೆ ಸ್ವಲ್ಪ ಉಪ್ಪು ಹಾಕಿದ ಹಾಗೆ. ಬಿಸಿ ದೋಸೆಯಂಥ ಅವರ ವಾಫೆಲ್ ಮೇಲೆ ಇಟ್ಟು ತಿನ್ನುತ್ತಾರೆ. ಅದರ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಹಾಗಾಗಿ ನೀವು ಬ್ರೆಡ್ಡಿನ ಮೇಲೇ ಇಟ್ಟುಕೊಳ್ಳಿ. ಹಾಲು ಒಡೆಯಲು ಪ್ರಾಣಿಮೂಲದ ಕಿಣ್ವ ಬಳಸಿರಬಹುದು. ಕಟ್ಟುನಿಟ್ಟಿನವರು ಕೇಳಿ ತಿನ್ನಿ.

ಬ್ಯಾಗಲ್ಲಿ ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಇರಲಿ. ತುಪ್ಪ, ಪೇಡ, ಮೈಸೂರು ಪಾಕ್ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಇನ್ನೊಂದು ಎಚ್ಚರಿಕೆ: ಫೆಬ್ರವರಿಯಿಂದ ಮೇವರೆಗೆ ಲೊಫೊಟೆನ್ ದ್ವೀಪಗಳಿಗೆ ಹೋದರೆ ಊರ ತುಂಬ ಮರದ ಚೌಕಟ್ಟಿಗೆ ಕಾಡ್ ಮೀನು ಜೋತುಹಾಕಿ ಒಣಗಿಸುತ್ತಿರುತ್ತಾರೆ. ನೋಟ ಅದ್ಭುತ, ವಾಸನೆ ನಮ್ಮ ಮಲ್ಪೆ ಬಂದರನ್ನು ನೆನಪಿಸುತ್ತದೆ. ನಿಮಗೆ ಅಲ್ಲಿನ ಬೇಸಿಗೆಯ ಕೊನೆಯೇ ವಾಸಿ.

ಪ್ರಶ್ನೆ: ವೀಸಾ ಯಾವಾಗ ಹಾಕಬೇಕು? ಸ್ವಾಲ್ಬಾರ್ಡ್‌ಗೂ ಹೋಗುವ ಆಸೆ ಇದೆ.
– ಓದುಗರು, ಬೆಂಗಳೂರು

ಉತ್ತರ: ನಾರ್ವೆಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅದಕ್ಕೆ ಹೊರಡುವ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ಎರಡು ಮೂರು ತಿಂಗಳು ಮುಂಚೆ ಹಾಕಿ ನಿಶ್ಚಿಂತೆಯಾಗಿರಿ. ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು.

ಸ್ವಾಲ್ಬಾರ್ಡ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಉತ್ತರ ಧ್ರುವದ ಕಡೆಯ ಈ ದ್ವೀಪಸಮೂಹ ನಾರ್ವೆಗೆ ಸೇರಿದ್ದು, ಆದರೆ ಷೆಂಗೆನ್‌ಗೆ ಸೇರಿಲ್ಲ. ಓಸ್ಲೋದಿಂದ ಅಲ್ಲಿಗೆ ಹೋದರೆ ಷೆಂಗೆನ್‌ನಿಂದ ಹೊರಬಿದ್ದ ಲೆಕ್ಕ, ವಾಪಸ್ ಬರುವುದು ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದರೆ ಕೆಟ್ಟಿರಿ. ಅರ್ಜಿಯಲ್ಲೇ ಎರಡು ಪ್ರವೇಶ ಅಥವಾ ಹೆಚ್ಚು ಅಂತ ಕೇಳಿ. ಅಲ್ಲಿನ ಮುಖ್ಯ ಊರು ಲಾಂಗ್‌ಯರ್‌ಬ್ಯೆನ್ 78 ಡಿಗ್ರಿ ಉತ್ತರದಲ್ಲಿದೆ, ಊರ ಗಡಿ ದಾಟಿದರೆ ಹಿಮಕರಡಿ, ಹಾಗಾಗಿ ಬಂದೂಕು ಹಿಡಿದ ಗೈಡ್ ಇಲ್ಲದೆ ಹೊರಗೆ ಕಾಲಿಡಬೇಡಿ. ಅದೇ ದ್ವೀಪದ ನ್ಯೂ ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ದೇಶದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ ಇದೆ.

ಪ್ರಶ್ನೆ: ಫಿಯೋರ್ಡ್ ಪಕ್ಕದ ಕ್ಯಾಬಿನ್‌ನಲ್ಲಿ ಹೆಂಡತಿಗೆ ಗೊತ್ತಿಲ್ಲದಂತೆ ಶಾಂಪೇನ್ ತರಿಸಬೇಕು. ನಾವು ತಲುಪುವುದು ಭಾನುವಾರ.
– ಓದುಗರು, ಮಂಗಳೂರು

ಉತ್ತರ: ಹಾಗಿದ್ದರೆ ಶನಿವಾರ ಮಧ್ಯಾಹ್ನದೊಳಗೆ ಕೊಂಡುಬಿಡಿ. ನಾರ್ವೆಯ ಊರುಗಳಲ್ಲಿ 4.7 ಶೇಕಡಕ್ಕಿಂತ ಜಾಸ್ತಿ ಮದ್ಯಸಾರ ಇರುವುದನ್ನು ಕೊಂಡೊಯ್ಯಲು ಮಾರುವುದು ಸರ್ಕಾರದ ವಿನ್‌ಮೊನೊಪೊಲೆ ಅಂಗಡಿ ಮಾತ್ರ. ಶನಿವಾರ ಬೇಗ ಮುಚ್ಚುತ್ತದೆ, ಭಾನುವಾರ ಬಾಗಿಲೇ ತೆರೆಯುವುದಿಲ್ಲ. ಅದಕ್ಕಿಂತ ಸುಲಭ ಅಂದರೆ ಓಸ್ಲೋದಲ್ಲಿ ಇಳಿದ ತಕ್ಷಣ, ಬ್ಯಾಗು ಬರುವ ಜಾಗದಲ್ಲೇ ಡ್ಯೂಟಿ ಫ್ರೀ ಇದೆ. ಅಲ್ಲೇ ತಗೊಳ್ಳಿ. ಹೆಂಡತಿಗೆ ಗೊತ್ತಾಗದ ಹಾಗೆ ತಗೊಳ್ಳುವುದು ಹೇಗೆ ಅನ್ನೋದು ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ.